ಕಾಣದ ಕಿರಣಗಳ ನಕ್ಷೆಯೂ ನಮ್ಮ ಸೀಮೆಯ ನೀರೂ

ಪಾವಗಡದ ಬೆಟ್ಟವನ್ನು ಕಾಣದ, ಅದರ ಕೋಟೆಯ ಕಥೆಯನ್ನು ಕೇಳದ ವಿದ್ಯಾರ್ಥಿ ನಮ್ಮ ಸೀಮೆಯಲ್ಲಿ ಇರಲಾರನು. ಆದರೆ ಆ ಬೆಟ್ಟದ ಕಲ್ಲು ಎಂತಹುದು, ಅದರ ವಯಸ್ಸೆಷ್ಟು, ಅದರ ಒಡಲಿನಲ್ಲಿ ಏನೇನು ಅಡಗಿದೆ, ಅದಕ್ಕೂ ನಾವು ದಿನವೂ ಕುಡಿಯುವ ನೀರಿಗೂ ಇರುವ ಸಂಬಂಧವೇನು ಎಂದು ಕೇಳುವವರು ವಿರಳ. ಇತಿಹಾಸವನ್ನು ನಾವು ಬೆಟ್ಟದ ಮೇಲೆ ಹುಡುಕುತ್ತೇವೆ. ಬೆಟ್ಟದ ಒಳಗಿನ ಇತಿಹಾಸವನ್ನು ಮರೆಯುತ್ತೇವೆ. ಈ ಒಳಗಿನ ಇತಿಹಾಸವನ್ನು ಓದಲು ವಿಜ್ಞಾನವು ಕಳೆದ ನೂರಿಪ್ಪತ್ತೈದಕ್ಕೂ ಹೆಚ್ಚು ವರ್ಷಗಳಲ್ಲಿ ಕೆಲವು ವಿಶಿಷ್ಟ ಉಪಕರಣಗಳನ್ನು ರೂಪಿಸಿಕೊಟ್ಟಿದೆ. ಕಣ್ಣಿಗೆ ಕಾಣದ, ಕಿವಿಗೆ ಕೇಳದ, ಮೂಗಿಗೂ ನಾಲಗೆಗೂ ಎಟುಕದ ವಿಕಿರಣಪಟುತ್ವವು ಎಲ್ಲಿ, ಎಷ್ಟು, ಯಾವ ಬಗೆಯಲ್ಲಿ ಹರಡಿಕೊಂಡಿದೆ ಎಂಬುದನ್ನು ಪತ್ತೆಹಚ್ಚಿ ನಕ್ಷೆಯಾಗಿ ಬಿಡಿಸುವ ಸಾಧನಗಳಿವು. ಇವುಗಳನ್ನು ವಾಚಕರಿಗೆ ಪರಿಚಯಿಸುವುದು ಈ ಲೇಖನದ ಮೊದಲನೆಯ ಉದ್ದೇಶ. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕುಗಳಾದ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಕೊಳವೆಬಾವಿಗಳಿಗೆ ಇಂತಹ ನಕ್ಷೆಯೊಂದು ಬೇಕೇ ಬೇಕೆಂದೂ, ಅದರ ರಚನೆಯಲ್ಲಿ ನಮ್ಮ ಶಾಲೆಗಳು ಕೈಜೋಡಿಸಬೇಕೆಂದೂ ವಾದಿಸುವುದು ಎರಡನೆಯ ಹಾಗೂ ಮುಖ್ಯವಾದ ಉದ್ದೇಶ.

ವಿಕಿರಣಪಟುತ್ವವು ಮನುಷ್ಯನಿಗೆ ಮೊದಲು ಗೋಚರಿಸಿದ್ದೇ ಚಿತ್ರದ ರೂಪದಲ್ಲಿ ಎಂಬುದು ಸ್ವಾರಸ್ಯದ ಸಂಗತಿ. 1896ರಲ್ಲಿ ಪ್ಯಾರಿಸ್ಸಿನ ಹೆನ್ರಿ ಬೆಕೆರೆಲ್ ಎಂಬ ವಿಜ್ಞಾನಿಯು ಯುರೇನಿಯಮ್ ಲವಣವನ್ನು ಕಪ್ಪು ಕಾಗದದಲ್ಲಿ ಸುತ್ತಿದ ಛಾಯಾಚಿತ್ರದ ಫಲಕದ ಮೇಲಿರಿಸಿದ್ದನು. ಬಿಸಿಲಿಲ್ಲದ ದಿನಗಳಾದ್ದರಿಂದ ಪ್ರಯೋಗವನ್ನು ಮುಂದೂಡಿ ಫಲಕವನ್ನು ಮೇಜಿನ ಖಾನೆಯೊಳಗಿಟ್ಟನು. ಕೆಲವು ದಿನಗಳ ಅನಂತರ ಅದನ್ನು ಸಂಸ್ಕರಿಸಿ ನೋಡಿದಾಗ, ಕತ್ತಲೆಯಲ್ಲಿಯೇ ಇದ್ದ ಫಲಕದ ಮೇಲೆ ಲವಣದ ಆಕಾರವು ಸ್ಪಷ್ಟವಾಗಿ ಮೂಡಿತ್ತು. ಲವಣಕ್ಕೂ ಫಲಕಕ್ಕೂ ನಡುವೆ ಇರಿಸಿದ್ದ ತಾಮ್ರದ ಶಿಲುಬೆಯ ನೆರಳೂ ಅಲ್ಲಿ ಬಿದ್ದಿತ್ತು. ಕಿರಣ ಹೊರಟ ಜಾಗ ಕಪ್ಪಾಗಿ, ತಡೆಯಿದ್ದ ಜಾಗ ತಿಳಿಯಾಗಿ ಒಡಮೂಡಿದ ಆ ಫಲಕವೇ ಜಗತ್ತಿನ ಮೊತ್ತಮೊದಲ ವಿಕಿರಣ ನಕ್ಷೆ ಎನ್ನಬಹುದು. ಎಷ್ಟು ಎಂಬ ಎಣಿಕೆಗಿಂತ ಮೊದಲು ಎಲ್ಲಿ ಎಂಬ ಪ್ರಶ್ನೆಗೆ ಪ್ರಕೃತಿಯು ಉತ್ತರ ಕೊಟ್ಟಿತು. ಅದೇ ತತ್ತ್ವವನ್ನು ಅನುಸರಿಸಿ, ಕಲ್ಲಿನ ತೆಳುವಾದ ಬಿಲ್ಲೆಯನ್ನು ಫಿಲ್ಮಿನ ಮೇಲೊತ್ತಿಟ್ಟು ಅದರ ಯಾವ ಕಣದಲ್ಲಿ ಯುರೇನಿಯಮ್ ಇದೆಯೆಂದು ಕಂಡುಕೊಳ್ಳುವ ವಿಧಾನವನ್ನು ಭೂವಿಜ್ಞಾನಿಗಳು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ.

ಎಣಿಕೆಯ ಸಾಧನವು ಬಂದದ್ದು ಆಮೇಲೆ. ರುದರ್‌ಫರ್ಡನ ಸಹೋದ್ಯೋಗಿಯಾಗಿದ್ದ ಹ್ಯಾನ್ಸ್ ಗೈಗರ್ 1908ರಲ್ಲಿ ಅದರ ಮೊದಲ ರೂಪವನ್ನು ಕಟ್ಟಿದನು. 1928ರಲ್ಲಿ ತನ್ನ ಶಿಷ್ಯ ವಾಲ್ಟರ್ ಮ್ಯೂಲರನೊಡನೆ ಅದನ್ನು ಸುಧಾರಿಸಿದನು. ಇದರ ರಚನೆ ಸರಳ. ಅನಿಲ ತುಂಬಿದ ಒಂದು ಕೊಳವೆ, ಅದರ ನಡುವೆ ಒಂದು ತಂತಿ, ಎರಡರ ಮಧ್ಯೆ ನೂರಾರು ವೋಲ್ಟುಗಳ ವಿದ್ಯುತ್ ಒತ್ತಡ. ಒಂದು ಕಿರಣವು ಒಳಹೊಕ್ಕು ಅನಿಲದ ಅಣುವೊಂದನ್ನು ಒಡೆದೊಡನೆ ಕ್ಷಣಮಾತ್ರ ವಿದ್ಯುತ್ತು ಹರಿಯುತ್ತದೆ. ಅದನ್ನೇ ನಾವು ‘ಟಕ್’ ಎಂಬ ಸದ್ದಾಗಿ ಕೇಳುತ್ತೇವೆ. ಗೈಗರ್ ಕೌಂಟರು ಎಂದು ಲೋಕಪ್ರಸಿದ್ಧವಾದ ಈ ಸಾಧನಕ್ಕೆ ಒಂದು ಮಿತಿಯುಂಟು. ಕಿರಣವೊಂದು ಬಂದಿತೆಂದು ಅದು ಹೇಳಬಲ್ಲುದು. ಬಂದುದು ಯಾರ ಮನೆಯಿಂದ ಎಂದು ಹೇಳಲಾರದು. ಯುರೇನಿಯಮ್ಮಿನ ಪರಿವಾರವೋ ಥೋರಿಯಮ್ಮಿನ ಪರಿವಾರವೋ ಪೊಟ್ಯಾಸಿಯಮ್ಮೋ ಅದಕ್ಕೆ ಎಲ್ಲವೂ ಒಂದೇ.

ಈ ಕೊರತೆಯನ್ನು ನೀಗಿದುದು ಮಿನುಗುವ ಹರಳು. 1948ರಲ್ಲಿ ರಾಬರ್ಟ್ ಹಾಫ್‌ಸ್ಟಾಟರ್ ಎಂಬ ಅಮೆರಿಕದ ವಿಜ್ಞಾನಿ, ಥ್ಯಾಲಿಯಮ್ಮಿನ ಲೇಶವನ್ನು ಬೆರೆಸಿದ ಸೋಡಿಯಮ್ ಅಯೊಡೈಡ್ ಹರಳಿಗೆ ಗಾಮಾ ಕಿರಣ ತಗುಲಿದಾಗ ಅದು ಮಿನುಗುತ್ತದೆಂದೂ, ಕಿರಣದ ಶಕ್ತಿ ಹೆಚ್ಚಿದಷ್ಟೂ ಮಿನುಗಿನ ಕಾಂತಿ ಹೆಚ್ಚುತ್ತದೆಂದೂ ತೋರಿಸಿದನು. ಒಂದೊಂದು ಮೂಲವಸ್ತುವಿನ ಗಾಮಾ ಕಿರಣಕ್ಕೂ ಅದರದೇ ಆದ ಶಕ್ತಿಯುಂಟು. ಪೊಟ್ಯಾಸಿಯಮ್-40ರ ಕಿರಣದ ಶಕ್ತಿ 1.46 ಮಿಲಿಯನ್ ಎಲೆಕ್ಟ್ರಾನ್ ವೋಲ್ಟು. ಯುರೇನಿಯಮ್ ಪರಿವಾರದ ಬಿಸ್ಮತ್-214ರದು 1.76; ಥೋರಿಯಮ್ ಪರಿವಾರದ ಥ್ಯಾಲಿಯಮ್-208ರದು 2.62. ಆದುದರಿಂದ ಮಿನುಗಿನ ಕಾಂತಿಯನ್ನು ಅಳೆದರೆ ಬಂದ ಕಿರಣದ ಕುಲಗೋತ್ರ ತಿಳಿಯುತ್ತದೆ. ಇಂತಹ ದೊಡ್ಡ ಹರಳುಗಳನ್ನು ವಿಮಾನದಲ್ಲಿಯೋ ಹೆಲಿಕಾಪ್ಟರಿನಲ್ಲಿಯೋ ಇರಿಸಿ, ನೆಲದಿಂದ ಸುಮಾರು ನೂರು ಮೀಟರು ಎತ್ತರದಲ್ಲಿ, ಉಳುವ ಸಾಲಿನಂತೆ ನೇರವಾದ ಗೆರೆಗಳಲ್ಲಿ ಹಾರಿಸುತ್ತಾರೆ. ಒಂದೊಂದು ಕ್ಷಣದ ಅಳತೆಯೂ ಆ ಕ್ಷಣದ ಸ್ಥಾನದೊಡನೆ ದಾಖಲಾಗುತ್ತದೆ. ಅನಂತರ ಪೊಟ್ಯಾಸಿಯಮ್ಮಿಗೆ ಕೆಂಪು, ಥೋರಿಯಮ್ಮಿಗೆ ಹಸಿರು, ಯುರೇನಿಯಮ್ಮಿಗೆ ನೀಲಿ ಎಂಬ ರೂಢಿಯಂತೆ ಬಣ್ಣ ತುಂಬಿದರೆ, ಇಡೀ ಒಂದು ಪ್ರದೇಶದ ಕಲ್ಲುಮಣ್ಣಿನ ಗುಣವು ರಂಗವಲ್ಲಿಯಂತೆ ಕಣ್ಣೆದುರು ಹರಡಿಕೊಳ್ಳುತ್ತದೆ.

ಈ ಉಪಕರಣಗಳು ಕನ್ನಡ ನಾಡಿಗೆ ಹೊಸತಲ್ಲ. 1940ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಹೋಮಿ ಭಾಭಾ ಅವರು ಗೈಗರ್ ಕೌಂಟರುಗಳನ್ನು ವಿಮಾನದಲ್ಲಿ ಮೇಲಕ್ಕೆ ಕಳುಹಿಸಿ ವಿಶ್ವಕಿರಣಗಳನ್ನು ಎಣಿಸಿದರು. ಕೋಲಾರದ ಚಿನ್ನದ ಗಣಿಯ ಆಳದಲ್ಲಿ 1965ರಲ್ಲಿ ವಾಯುಮಂಡಲದ ನ್ಯೂಟ್ರಿನೋಗಳ ಸುಳಿವನ್ನು ಹಿಡಿದ ಪ್ರಯೋಗದಲ್ಲಿ ಇದೇ ಜಾತಿಯ ಮಿನುಗು ಸಾಧನಗಳು ಕೆಲಸ ಮಾಡಿದವು. 1949ರಲ್ಲಿ ವಿರಳ ಖನಿಜಗಳ ಸರ್ವೇಕ್ಷಣ ಘಟಕವಾಗಿ ಆರಂಭವಾಗಿ, ಈಗ ಹೈದರಾಬಾದನ್ನು ಕೇಂದ್ರವಾಗಿಸಿಕೊಂಡಿರುವ ಪರಮಾಣು ಖನಿಜ ನಿರ್ದೇಶನಾಲಯವು ದೇಶದ ನಾನಾ ಭಾಗಗಳಲ್ಲಿ ನೆಲದ ಮೇಲೂ ಆಕಾಶದಲ್ಲೂ ಇಂತಹ ಸಮೀಕ್ಷೆ ನಡೆಸುತ್ತ ಬಂದಿದೆ. ಶಹಾಪುರ ತಾಲ್ಲೂಕಿನ ಗೋಗಿಯ ಯುರೇನಿಯಮ್ ನಿಕ್ಷೇಪವನ್ನು ಗುರುತಿಸಿದ್ದು ಆ ಸಂಸ್ಥೆಯೇ.

ಇದೇ ಹರಳನ್ನು ವೈದ್ಯರು ಮನುಷ್ಯದೇಹದ ಕಡೆಗೆ ತಿರುಗಿಸಿದರು. ಹಾಲ್ ಆಂಗರ್ ಎಂಬಾತನು 1950ರ ದಶಕದಲ್ಲಿ ರೂಪಿಸಿದ ಗಾಮಾ ಕ್ಯಾಮೆರಾದ ಮುಂದೆ ರೋಗಿಯನ್ನು ಮಲಗಿಸಿ, ಅತ್ಯಲ್ಪ ಪ್ರಮಾಣದ ವಿಕಿರಣಪಟು ಔಷಧವನ್ನು ರಕ್ತಕ್ಕೆ ಸೇರಿಸಿದರೆ, ಅದು ಥೈರಾಯ್ಡಿನಲ್ಲಿ, ಮೂಳೆಯಲ್ಲಿ, ಹೃದಯದಲ್ಲಿ ಎಲ್ಲೆಲ್ಲಿ ನೆಲೆಗೊಂಡಿತೆಂಬ ಚಿತ್ರ ಮೂಡುತ್ತದೆ. ಇದಕ್ಕಾಗಿ ಹೆಚ್ಚಾಗಿ ಬಳಸುವ ಟೆಕ್ನೀಷಿಯಮ್-99ಎಂ ಎಂಬ ವಸ್ತುವಿನ ಅರ್ಧಾಯು ಕೇವಲ ಆರು ಗಂಟೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಹೋಗಿ ಈ ಪರೀಕ್ಷೆ ಮಾಡಿಸಿಕೊಂಡು ಬಂದವರು ನಮ್ಮ ವಾಚಕರಲ್ಲಿಯೂ ಇರಬಹುದು. ದೇಹದ ನಕ್ಷೆಗೆ ನಾವು ತೋರುವ ಆಸ್ಥೆಯನ್ನು ನೆಲದ ನಕ್ಷೆಗೂ ತೋರಬೇಕೆಂಬುದಷ್ಟೇ ನನ್ನ ಬಿನ್ನಹ.

ನಕ್ಷೆಯಿಲ್ಲದಿದ್ದರೆ ಏನಾಗುತ್ತದೆ, ಇದ್ದರೆ ಏನಾಗುತ್ತದೆ ಎಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡಬಹುದು. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ಹಳೆಯ ಪ್ರಯೋಗಶಾಲಾ ಯಂತ್ರವೊಂದರ ಜೊತೆಯಲ್ಲಿ ಕೋಬಾಲ್ಟ್-60 ಬಂದು ಸೇರಿತು. ಲೋಹವೆಂದು ಅದನ್ನು ಒಡೆದವರಿಗೆ ಅದೇನೆಂದು ತಿಳಿಯಲಿಲ್ಲ. ಹಲವರು ಅಸ್ವಸ್ಥರಾದರು, ಒಬ್ಬ ಕಾರ್ಮಿಕ ಅಸುನೀಗಿದನು. ಅಳತೆಯ ಸಾಧನಗಳನ್ನು ಹಿಡಿದ ತಜ್ಞರು ಬಂದು ಅಂಗಡಿ ಅಂಗಡಿಯನ್ನೂ ಶೋಧಿಸಿದ ಮೇಲಷ್ಟೆ ಚೂರುಗಳು ಸಿಕ್ಕಿದವು. ಇದಕ್ಕೆ ಪ್ರತಿಯಾಗಿ, 2011ರಲ್ಲಿ ಜಪಾನಿನ ಫುಕುಶಿಮಾ ಪರಮಾಣು ಸ್ಥಾವರವು ಭೂಕಂಪ ಹಾಗೂ ಸುನಾಮಿಗಳಿಂದ ಹಾನಿಗೊಂಡಾಗ, ತಮ್ಮ ಬೀದಿಯಲ್ಲಿ ವಿಕಿರಣ ಎಷ್ಟಿದೆಯೆಂದು ತಿಳಿಯದೆ ಕಂಗೆಟ್ಟ ಸಾಮಾನ್ಯ ನಾಗರಿಕರು ಸೇಫ್‌ಕಾಸ್ಟ್ ಎಂಬ ಸಂಘಟನೆಯ ಮೂಲಕ ಸಣ್ಣ ಗೈಗರ್ ಕೌಂಟರುಗಳನ್ನು ಕಾರುಗಳಿಗೆ ಕಟ್ಟಿಕೊಂಡು ಊರೂರು ಸುತ್ತಿದರು. ಕೋಟಿಗಟ್ಟಲೆ ಅಳತೆಗಳು ಸೇರಿ, ಯಾರು ಬೇಕಾದರೂ ನೋಡಬಹುದಾದ ನಕ್ಷೆಯೊಂದು ಸಿದ್ಧವಾಯಿತು. ದೂರದಲ್ಲಿದ್ದರೂ ಮಲಿನಗೊಂಡ ಊರುಗಳಿದ್ದವು. ಹತ್ತಿರದಲ್ಲಿದ್ದರೂ ಅಷ್ಟಾಗಿ ಕೆಡದ ಊರುಗಳಿದ್ದವು. ಸ್ಥಾವರದ ಸುತ್ತ ವೃತ್ತ ಎಳೆದು ಹೇಳಲಾಗದ ಈ ಸತ್ಯವನ್ನು ಸ್ಥಳ ಸ್ಥಳದ ಅಳತೆ ಹೇಳಿತು.

ಇನ್ನು ನಮ್ಮ ಸೀಮೆಯ ವಿಚಾರಕ್ಕೆ ಬರೋಣ. ನಮ್ಮಲ್ಲಿ ಪರಮಾಣು ಸ್ಥಾವರವಿಲ್ಲ, ಯುರೇನಿಯಮ್ ಗಣಿಯೂ ಇಲ್ಲ. ಇರುವುದು ಕಲ್ಲು. ರಾಮನಗರವನ್ನು ಹಿಂದೆ ಕ್ಲೋಸ್‌ಪೇಟೆ ಎಂದು ಕರೆಯುತ್ತಿದ್ದರು. ಆ ಹೆಸರಿನಿಂದಲೇ ಜಗತ್ತಿನ ಭೂವಿಜ್ಞಾನ ಗ್ರಂಥಗಳಲ್ಲಿ ಪ್ರಸಿದ್ಧವಾದ ಕ್ಲೋಸ್‌ಪೇಟೆ ಗ್ರಾನೈಟು ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರು ಉದ್ದಕ್ಕೆ ಒಂದು ಕಿರಿದಾದ ಪಟ್ಟಿಯಾಗಿ ಹಬ್ಬಿದೆ. ನಮ್ಮ ಪಾವಗಡದ ಪರಿಸರವೂ ಈ ಪಟ್ಟಿಯಲ್ಲಿಯೇ ಸೇರುತ್ತದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದ ಕರಗಿದ ಶಿಲಾರಸ ಮೇಲೇರಿ, ಹೆಪ್ಪುಗಟ್ಟಿ ಆದ ಕಲ್ಲಿದು. ಶಿಲಾರಸವು ಹೆಪ್ಪುಗಟ್ಟುವಾಗ ಯುರೇನಿಯಮ್ ಮತ್ತು ಥೋರಿಯಮ್ ಪರಮಾಣುಗಳು ಮೊದಲು ಗಟ್ಟಿಯಾಗುವ ಖನಿಜಗಳಲ್ಲಿ ಸುಲಭವಾಗಿ ಸೇರಿಕೊಳ್ಳದೆ, ಕೊನೆಯವರೆಗೂ ದ್ರವದಲ್ಲಿಯೇ ಉಳಿಯುತ್ತವೆ. ಆದ್ದರಿಂದ ಗ್ರಾನೈಟಿನಂತಹ ಕೊನೆಯ ಕಲ್ಲಿನಲ್ಲಿ ಅವು ಹೆಚ್ಚಾಗಿ ಸಂಗ್ರಹಗೊಳ್ಳುತ್ತವೆ. ಆ ಕಲ್ಲಿಗೆ ನಸುಗೆಂಪು ಬಣ್ಣ ಕೊಡುವ ಫೆಲ್ಡ್‌ಸ್ಪಾರ್ ಖನಿಜದಲ್ಲಿ ಪೊಟ್ಯಾಸಿಯಮ್ ಧಾರಾಳವಾಗಿದೆ. ಹೀಗೆ ನಮ್ಮ ಬೆಟ್ಟಗುಡ್ಡಗಳು ಹುಟ್ಟಿನಿಂದಲೇ ಸ್ವಲ್ಪ ವಿಕಿರಣಪಟುವಾಗಿವೆ.

ಇದನ್ನು ಓದಿ ಯಾರೂ ಗಾಬರಿಗೊಳ್ಳಬೇಕಾಗಿಲ್ಲ. ಉದ್ಘಾಟನೆಯ ನೆನಪಿಗೆಂದು ನಾವು ಶಾಲೆಯ ಗೋಡೆಗೆ ಕೂರಿಸುವ ಗ್ರಾನೈಟು ಫಲಕದ ಬಳಿಗೆ ಗೈಗರ್ ಕೌಂಟರನ್ನು ಒಯ್ದರೆ ಅದು ತುಸು ಹೆಚ್ಚಾಗಿಯೇ ಸದ್ದು ಮಾಡೀತು; ಅದರಿಂದ ಫಲಕದ ಮೇಲೆ ಹೆಸರಿರುವ ಮಹನೀಯರಿಗಾಗಲಿ ಅದನ್ನು ಓದುವವರಿಗಾಗಲಿ ಅಪಾಯವಿಲ್ಲ. ನಮ್ಮ ದೇಹದೊಳಗಿನ ಪೊಟ್ಯಾಸಿಯಮ್ಮಿನಲ್ಲಿಯೇ ಒಂದೊಂದು ಸೆಕೆಂಡಿಗೆ ಸುಮಾರು ನಾಲ್ಕು ಸಾವಿರ ಪರಮಾಣುಗಳು ವಿಕಿರಣ ಹೊಮ್ಮಿಸಿ ಮಾರ್ಪಡುತ್ತಿರುತ್ತವೆ. ನೆಲ, ಆಕಾಶ, ಗಾಳಿ, ಆಹಾರ ಎಲ್ಲವೂ ಸೇರಿ ಜಗತ್ತಿನ ಸರಾಸರಿ ಮನುಷ್ಯನಿಗೆ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್‌ನಷ್ಟು ಸಹಜ ವಿಕಿರಣ ತಗಲುತ್ತದೆಂದು ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿ ಲೆಕ್ಕಹಾಕಿದೆ. ಕೇರಳದ ಕರಾವಳಿಯ ಮೊನಜೈಟ್ ಮರಳಿನ ಮೇಲೆ, ನಮ್ಮ ಉಳ್ಳಾಲದ ಕಡಲ ತಡಿಯ ಕೆಲವು ಜಾಗಗಳಲ್ಲಿ ಸಹಜ ವಿಕಿರಣವು ಇತರೆಡೆಗಿಂತ ಹೆಚ್ಚು. ಕಲ್ಲಿನಲ್ಲಿ ಇರುವ ತನಕ ನಮ್ಮ ಗ್ರಾನೈಟಿನ ಯುರೇನಿಯಮ್ ದೊಡ್ಡ ಸಮಸ್ಯೆಯಲ್ಲ. ಅದು ನೀರಿಗೆ ಇಳಿದಾಗ ಪ್ರಶ್ನೆ ಹುಟ್ಟುತ್ತದೆ.

ಕಲ್ಲಿನ ಬಿರುಕುಗಳಲ್ಲಿ ನಿಂತ ನೀರಿಗೆ ಗಾಳಿಯ ಆಮ್ಲಜನಕ ತಾಕಿದಾಗ ಯುರೇನಿಯಮ್ ಸುಲಭವಾಗಿ ಕರಗುವ ರೂಪಕ್ಕೆ ತಿರುಗುತ್ತದೆ. ನೀರಿನಲ್ಲಿ ಬೈಕಾರ್ಬೊನೇಟ್ ಹೇರಳವಾಗಿದ್ದರೆ ಅದರೊಡನೆ ಕೂಡಿ ಕರಗಿಯೇ ಉಳಿಯುತ್ತದೆ. ಕೆರೆ ಬತ್ತಿ, ತೋಡುಬಾವಿ ಒಣಗಿ, ನೂರಾರು ಅಡಿ ಆಳದ ಕೊಳವೆಬಾವಿಗಳಿಗೆ ನಾವು ಶರಣಾದ ಮೇಲೆ, ಯುಗಯುಗಗಳಿಂದ ಕಲ್ಲಿನೊಡನೆ ಒಡನಾಡಿದ ನೀರು ನಮ್ಮ ಬಿಂದಿಗೆಗೆ ಬರತೊಡಗಿತು. ಪಾವಗಡದ ಫ್ಲೋರೈಡಿನ ಕಥೆಯೂ ಇಂತಹುದೇ ಎಂಬುದನ್ನು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಲ್ಲು ಕಂದಾದ ಮಕ್ಕಳನ್ನೂ ಬೆನ್ನು ಬಾಗಿದ ಹಿರಿಯರನ್ನೂ ಕಂಡವರು ನಾವು.

2021ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮಂಗಳೂರು ವಿಶ್ವವಿದ್ಯಾಲಯದ ಪರಿಸರ ವಿಕಿರಣ ಸಂಶೋಧನ ಕೇಂದ್ರದ ವಿಜ್ಞಾನಿಗಳು ಕೂಡಿ ಪೂರ್ವ ಕರ್ನಾಟಕದ 73 ಗ್ರಾಮಗಳ ಕುಡಿಯುವ ಅಂತರ್ಜಲವನ್ನು ಪರೀಕ್ಷಿಸಿದ ವರದಿಯು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ವಿಶ್ವ ಆರೋಗ್ಯ ಸಂಸ್ಥೆಯು ಲೀಟರಿಗೆ 30 ಮೈಕ್ರೋಗ್ರಾಂ ಮೀರಬಾರದೆಂದು ಸೂಚಿಸಿದೆ. ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ 60. ಪರೀಕ್ಷಿಸಿದ 73 ಗ್ರಾಮಗಳ ಪೈಕಿ 57ರಲ್ಲಿ ಯುರೇನಿಯಮ್ ಮೊದಲನೆಯ ಮಿತಿಯನ್ನು ಮೀರಿತ್ತು. 48ರಲ್ಲಿ ಎರಡನೆಯದನ್ನೂ ಮೀರಿತ್ತು. ಸಾವಿರ ಮೈಕ್ರೋಗ್ರಾಮಿಗೂ ಮೇಲೇರಿದ ಗ್ರಾಮಗಳ ಪಟ್ಟಿಯಲ್ಲಿ ನಮ್ಮ ತುಮಕೂರು ಜಿಲ್ಲೆಯ ಒಂದು ಗ್ರಾಮವೂ ಇದೆ. ಕರ್ನಾಟಕದ ಸಾವಿರಾರು ಗ್ರಾಮಗಳ ಎದುರು 73 ಎಂಬುದು ಸಣ್ಣ ಸಂಖ್ಯೆ. ಅದರಿಂದ ನಮ್ಮೆಲ್ಲ ಬಾವಿಗಳೂ ಕೆಟ್ಟಿವೆಯೆಂದು ತೀರ್ಮಾನಿಸಲಾಗದು. ನಮ್ಮದು ನೆಟ್ಟಗಿದೆಯೆಂದು ನೆಮ್ಮದಿಯಾಗಿ ಮಲಗಲೂ ಆಗದು.

ಇಲ್ಲಿ ಒಂದು ಸೂಕ್ಷ್ಮವನ್ನು, ವಿಶೇಷವಾಗಿ ವಿಜ್ಞಾನದ ಅಧ್ಯಾಪಕರು, ಮನಗಾಣಬೇಕು. ಇಷ್ಟು ಹೊತ್ತು ವರ್ಣಿಸಿದ ಗೈಗರ್ ಕೌಂಟರನ್ನು ಕೊಂಡುತಂದು ನೀರಿನ ಲೋಟದ ಮೇಲೆ ಹಿಡಿದರೆ ಪ್ರಯೋಜನವಿಲ್ಲ. ಲೀಟರಿಗೆ 30 ಮೈಕ್ರೋಗ್ರಾಂ ಯುರೇನಿಯಮ್ ಎಂದರೆ ಒಂದು ಲೀಟರು ನೀರಿನಲ್ಲಿ ಸೆಕೆಂಡಿಗೆ ಒಂದಕ್ಕಿಂತಲೂ ಕಡಮೆ ಯುರೇನಿಯಮ್ ಪರಮಾಣು ಸಿಡಿಯುತ್ತದೆ. ಸಿಡಿದಾಗ ಹೊಮ್ಮುವ ಆಲ್ಫಾ ಕಣವನ್ನು ನೀರೇ ತಡೆದುಬಿಡುತ್ತದೆ. ಕೌಂಟರು ಮೌನವಾಗಿರುತ್ತದೆ. ಆ ಮೌನವನ್ನು ನಂಬಿ ನೀರು ಶುದ್ಧವೆಂದುಕೊಂಡರೆ ಮೋಸಹೋದಂತೆಯೇ ಸರಿ. ಕುಡಿಯುವ ನೀರಿನ ಯುರೇನಿಯಮ್ಮಿನಿಂದ ಮುಖ್ಯವಾಗಿ ಅಪಾಯವಿರುವುದು ಮೂತ್ರಪಿಂಡಕ್ಕೆ. ಅದು ವಿಕಿರಣದ ಅಪಾಯಕ್ಕಿಂತ ಹೆಚ್ಚಾಗಿ ಭಾರಲೋಹದ ರಾಸಾಯನಿಕ ಅಪಾಯ. ಇದನ್ನು ಅಳೆಯುವ ಸಾಧನವೇ ಬೇರೆ. ನೀರಿನ ಮಾದರಿಗೆ ತಕ್ಕ ರಾಸಾಯನಿಕವನ್ನು ಬೆರೆಸಿ ನೇರಳೆ ಬಣ್ಣದ ಬೆಳಕನ್ನು ಹಾಯಿಸಿದರೆ ಯುರೇನಿಯಮ್ ಹಸಿರಾಗಿ ಹೊಳೆಯುತ್ತದೆ. ಆ ಹೊಳಪಿನ ಪ್ರಮಾಣದಿಂದ ಲೆಕ್ಕ ಸಿಗುತ್ತದೆ. ಫ್ಲೋರಿಮೀಟರು ಎಂಬ ಈ ಉಪಕರಣ ಮೇಜಿನ ಮೇಲಿಡಬಹುದಾದಷ್ಟು ಚಿಕ್ಕದು.

ವಿಮಾನದ ನಕ್ಷೆಗೂ ಇಂತಹುದೇ ಮಿತಿಯಿದೆ. ಅದು ಹಿಡಿಯುವ ಗಾಮಾ ಕಿರಣಗಳು ನೆಲದ ಮೇಲಿನ ಸುಮಾರು ಒಂದು ಮೊಳದ ಪದರದಿಂದ ಬಂದಂಥವು. ಐನೂರು ಅಡಿ ಕೆಳಗಿನ ನೀರಿನ ಸಮಾಚಾರವನ್ನು ಅದು ಹೇಳಲಾರದು. ಕಲ್ಲಿನಿಂದ ಹೊರಸೂಸುವ ರೇಡಾನ್ ಅನಿಲವನ್ನು ಅಳೆಯಲು ಮತ್ತೊಂದು ವಿಧಾನವಿದೆ. ಪುಟ್ಟ ಡಬ್ಬಿಯೊಳಗೆ ಪ್ಲಾಸ್ಟಿಕ್ ಹಾಳೆಯೊಂದನ್ನಿಟ್ಟು ಮನೆಯಲ್ಲಿ ಮೂರು ತಿಂಗಳು ತೂಗುಹಾಕಿ, ಆಮೇಲೆ ಕ್ಷಾರದ್ರಾವಣದಲ್ಲಿ ಅದ್ದಿ, ಆಲ್ಫಾ ಕಣಗಳು ಕೊರೆದ ಗುಳಿಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಒಂದೊಂದು ಉಪಕರಣವೂ ತನ್ನನ್ನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಯಾವ ಪ್ರಶ್ನೆಗೆ ಯಾವ ಉಪಕರಣವನ್ನು ಹಿಡಿಯಬೇಕೆಂಬ ವಿವೇಕವನ್ನು ಶಾಲೆಯೇ ಕಲಿಸಬೇಕು. ಭೌತವಿಜ್ಞಾನದ ಪಠ್ಯದಲ್ಲಿ ಗೈಗರ್ ಕೌಂಟರಿನ ಚಿತ್ರವನ್ನು ಬರೆದು ಅಂಕ ಗಳಿಸಿದ ಹುಡುಗನಿಗೆ ತನ್ನೂರಿನ ಬಾವಿಗೆ ಅದು ಸಲ್ಲುವುದೇ ಇಲ್ಲವೇ ಎಂಬುದು ತಿಳಿಯದಿದ್ದರೆ ಆ ವಿದ್ಯೆ ಅರ್ಧವಿದ್ಯೆ.

ಅಧಿಕೃತ ಸಮೀಕ್ಷೆಗಳು ನಡೆದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಕೇಂದ್ರೀಯ ಅಂತರ್ಜಲ ಮಂಡಳಿಯು ದೇಶದ ಮೇಲುಸ್ತರದ ಅಂತರ್ಜಲದಲ್ಲಿರುವ ಯುರೇನಿಯಮ್ ಕುರಿತು 2020ರಲ್ಲಿ ವರದಿ ಪ್ರಕಟಿಸಿತು. ಆದರೆ ನಮ್ಮ ಜನ ಕುಡಿಯುವುದು ಮೇಲುಸ್ತರದ ನೀರನ್ನಲ್ಲ, ಆಳದ ನೀರನ್ನು. ದೇಶದ ನಕ್ಷೆಯಲ್ಲಿ ಒಂದು ಚುಕ್ಕೆ ಒಂದು ಹೋಬಳಿಯನ್ನೇ ನುಂಗಿಬಿಡಬಹುದು. ಒಂದೇ ಊರಿನ ಎರಡು ಬಾವಿಗಳ ನೀರು ಒಂದೇ ತೆರನಾಗಿರಬೇಕೆಂಬ ನಿಯಮವಿಲ್ಲ. ಬಿರುಕು ಬೇರೆ, ಆಳ ಬೇರೆ, ನೀರು ಬೇರೆ. ಆದುದರಿಂದ ಬೇಕಾದುದು ಬಾವಿ ಬಾವಿಯ ನಕ್ಷೆ, ಅದೂ ವರ್ಷಕ್ಕೆ ಎರಡು ಸಲ, ಮಳೆಗೆ ಮುನ್ನ ಮತ್ತು ಮಳೆಯ ಬಳಿಕ ಬರೆದ ನಕ್ಷೆ.

ಪಾವಗಡದ ತಿರುಮಣಿ, ವಳ್ಳೂರು, ಬಳಸಮುದ್ರ ಮೊದಲಾದ ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2018ರಿಂದೀಚೆಗೆ ತಲೆಯೆತ್ತಿದ ಸೌರವಿದ್ಯುತ್ ಉದ್ಯಾನವು 2,050 ಮೆಗಾವಾಟ್ ಸಾಮರ್ಥ್ಯದಿಂದ ಲೋಕದ ಗಮನ ಸೆಳೆಯಿತು. ಮಳೆಯಿಲ್ಲದ, ಬೆಳೆಯಿಲ್ಲದ ಸೀಮೆ ಎಂದು ಕನಿಕರದಿಂದ ನೋಡುತ್ತಿದ್ದವರ ದೃಷ್ಟಿ ಬದಲಾದುದು ಹೇಗೆ? ಒಂದು ಚದರ ಮೀಟರಿನ ಮೇಲೆ ವರ್ಷಕ್ಕೆ ಎಷ್ಟು ಬಿಸಿಲು ಬೀಳುತ್ತದೆಂದು ಅಳೆದು ನಕ್ಷೆ ಬರೆದವರಿದ್ದರು. ಆ ನಕ್ಷೆಯ ಮುಂದೆ ಬಂಡವಾಳ ಬಂದು ನಿಂತಿತು. ಮೇಲಿನಿಂದ ಬೀಳುವ ಕಿರಣವನ್ನು ಇಷ್ಟು ಕರಾರುವಾಕ್ಕಾಗಿ ಅಳೆಯಲು ಸಾಧ್ಯವಾದರೆ, ಕೆಳಗಿನಿಂದ ನಮ್ಮ ಬಿಂದಿಗೆಗೆ ಏರಿ ಬರುವುದನ್ನು ಅಳೆಯಲು ಏಕೆ ಸಾಧ್ಯವಾಗಬಾರದು? ಮೊದಲನೆಯದರಲ್ಲಿ ಲಾಭವುಂಟು, ಎರಡನೆಯದರಲ್ಲಿ ಆರೋಗ್ಯವಷ್ಟೇ ಉಂಟು ಎಂಬುದೇ ಕಾರಣವಾದರೆ ಅದು ನಮ್ಮೆಲ್ಲರಿಗೂ ನಾಚಿಕೆಯ ವಿಷಯ.

ಈ ಸಲಹೆಗೆ ಬರಬಹುದಾದ ಆಕ್ಷೇಪಗಳನ್ನು ನಾನು ಬಲ್ಲೆ. ಜನರು ಗಾಬರಿಗೊಳ್ಳುತ್ತಾರೆ, ಹೆಣ್ಣು ಕೊಡಲು ಹಿಂಜರಿಯುತ್ತಾರೆ, ಜಮೀನಿನ ಬೆಲೆ ಬೀಳುತ್ತದೆ, ಯುರೇನಿಯಮ್ ಎಂಬ ಹೆಸರು ಕೇಳಿದೊಡನೆ ಗಣಿಯವರು ಬಂದಾರೆಂದು ಭಯಪಡುತ್ತಾರೆ ಎಂಬುದು ಮೊದಲನೆಯದು. ನೀರಿನಲ್ಲಿ ಕರಗಿದ ಮೈಕ್ರೋಗ್ರಾಮುಗಳಿಗೂ ಗಣಿಗಾರಿಕೆಗೆ ಯೋಗ್ಯವಾದ ಅದಿರಿಗೂ ಅಜಗಜಾಂತರವಿದೆ ಎಂಬುದನ್ನು ವಿವರಿಸಿದರೆ ಕಡೆಯ ಭಯ ನೀಗುತ್ತದೆ. ಉಳಿದ ಭಯಕ್ಕೆ ಫ್ಲೋರೈಡಿನ ಅನುಭವವೇ ಉತ್ತರ. ಭಾರತದಲ್ಲಿ ಫ್ಲೋರೈಡಿನ ಬಾಧೆಯನ್ನು ವೈದ್ಯರು ಮೊದಲು ದಾಖಲಿಸಿದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಲ್ಲಿ. ಅಳತೆಯಾಗುವ ತನಕ ಅದು ಹಣೆಬರಹವೆನಿಸಿತ್ತು. ಅಳೆದು ಹೆಸರಿಟ್ಟ ಮೇಲೆ ಅದು ಪರಿಹರಿಸಬೇಕಾದ ಸಮಸ್ಯೆಯಾಯಿತು. ಶುದ್ಧ ನೀರಿನ ಘಟಕಗಳೂ, ತುಂಗಭದ್ರೆಯ ಹಿನ್ನೀರನ್ನು ಪಾವಗಡದತ್ತ ತರುವ ಯೋಜನೆಯೂ ಆ ಅರಿವಿನ ಫಲ.

ಹೊಳೆಯ ನೀರು ಬರುವಾಗ ಬಾವಿಯ ನಕ್ಷೆ ಏತಕ್ಕೆ ಎಂಬುದು ಎರಡನೆಯ ಆಕ್ಷೇಪ. ಹೊಳೆಯ ನೀರು ಬರಲಿ, ಪ್ರತಿಯೊಂದು ಹಟ್ಟಿಗೂ ತಾಂಡಾಕ್ಕೂ ಬರಲಿ. ಆದರೆ ನಲ್ಲಿ ನಿಂತ ದಿನ, ತೋಟದಲ್ಲಿ ದುಡಿಯುವಾಗ ಬಾಯಾರಿದ ಹೊತ್ತು, ಜನ ಹೋಗುವುದು ಕೊಳವೆಬಾವಿಯ ಬಳಿಗೇ. ಶುದ್ಧ ನೀರಿನ ಘಟಕದಲ್ಲಿ ಬಳಸುವ ಆರ್‌ಒ ಪೊರೆಯು ಯುರೇನಿಯಮ್ಮಿನ ಬಹುಭಾಗವನ್ನು ತಡೆಯುತ್ತದೆಂಬುದು ನಿಜ. ತಡೆದುದು ಎಲ್ಲಿಗೆ ಹೋಯಿತು? ಘಟಕವು ಹೊರಚೆಲ್ಲುವ ತ್ಯಾಜ್ಯ ನೀರಿಗೆ. ಅದನ್ನು ಬಾವಿಯ ಪಕ್ಕದಲ್ಲಿಯೇ ಇಂಗಲು ಬಿಟ್ಟರೆ ಮತ್ತೆ ಅದನ್ನೇ ಎತ್ತಿದಂತಾಗುತ್ತದೆ. ನೀರನ್ನು ಕುದಿಸಿದರೆ ಯುರೇನಿಯಮ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಇಂತಹ ಸಣ್ಣ ತಿಳಿವಳಿಕೆಗಳು ಮನೆಮನೆಗೂ ಮುಟ್ಟಬೇಕಾದರೆ ಯಾವ ಬಾವಿಗೆ ಅವು ಅನ್ವಯಿಸುತ್ತವೆಂದು ಮೊದಲು ತಿಳಿದಿರಬೇಕು.

ಮೂರನೆಯದಾಗಿ, ಇದು ಸರ್ಕಾರದ ಕೆಲಸ, ಶಾಲೆಗೇಕೆ ಎಂದು ಕೇಳುವವರುಂಟು. ಪರೀಕ್ಷೆ ತಜ್ಞರ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಕ್ಷೆಯ ಅರ್ಧಭಾಗ ಪ್ರಯೋಗಶಾಲೆಯಲ್ಲಿ ಸಿದ್ಧವಾದರೆ ಇನ್ನರ್ಧ ಹೊಲದ ಬದುವಿನ ಮೇಲೆ ಸಿದ್ಧವಾಗುತ್ತದೆ. ಈ ಬಾವಿ ಯಾರದು, ಎಷ್ಟು ಅಡಿ, ಯಾವ ವರ್ಷ ಕೊರೆಸಿದ್ದು, ಎಷ್ಟು ಮನೆಗಳು ಕುಡಿಯುತ್ತವೆ, ಬೇಸಗೆಯಲ್ಲಿ ನೀರು ನಿಲ್ಲುತ್ತದೆಯೇ ಎಂಬ ಸಂಗತಿಗಳು ಆ ಊರಿನ ಮಕ್ಕಳಿಗೆ ಗೊತ್ತಿರುವಷ್ಟು ಯಾವ ಅಧಿಕಾರಿಗೂ ಗೊತ್ತಿರಲಾರವು. ಶುಭ್ರವಾದ ಬಾಟಲಿಯಲ್ಲಿ ವಿಧಿವತ್ತಾಗಿ ನೀರು ತುಂಬಿ, ದಿನಾಂಕ ಬರೆದು, ಮೊಬೈಲಿನಿಂದ ಅಕ್ಷಾಂಶ ರೇಖಾಂಶಗಳನ್ನು ಗುರುತಿಸುವುದು ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೆ ಕಷ್ಟವಲ್ಲ. ಅದರಲ್ಲಿ ಯಾವ ಅಪಾಯವೂ ಇಲ್ಲ; ಕುಡಿಯುವ ನೀರನ್ನೇ ತಾನೆ ತುಂಬುವುದು.

ಆದುದರಿಂದ ನನ್ನ ಸಲಹೆ ಇಷ್ಟು. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಪ್ರೌಢಶಾಲೆಗಳು ತಮ್ಮ ತಮ್ಮ ಸುತ್ತಲಿನ ಗ್ರಾಮಗಳ ಕುಡಿಯುವ ನೀರಿನ ಬಾವಿಗಳ ಪಟ್ಟಿಯನ್ನು ಮೊದಲು ಸಿದ್ಧಪಡಿಸಲಿ. ಈ ಶಾಲೆಯೇ ಅದಕ್ಕೆ ಮೇಲ್ಪಂಕ್ತಿ ಹಾಕಿಕೊಡಲಿ. ಮಾದರಿಗಳ ಪರೀಕ್ಷೆಗೆ ತುಮಕೂರು ವಿಶ್ವವಿದ್ಯಾಲಯದ, ಬೆಂಗಳೂರು ಮಂಗಳೂರುಗಳ ಸಂಶೋಧನ ಸಂಸ್ಥೆಗಳ ಬಾಗಿಲನ್ನು ನಾವು ತಟ್ಟೋಣ. ಬಂದ ಅಳತೆಗಳನ್ನು ಫ್ಲೋರೈಡಿನ ಅಳತೆಯ ಜೊತೆಯಲ್ಲಿಯೇ, ಸರಳವಾದ ಕನ್ನಡದಲ್ಲಿ, ಬಾವಿಯ ಹೆಸರು ಸಹಿತ, ಗ್ರಾಮ ಪಂಚಾಯತಿಯ ಗೋಡೆಯ ಮೇಲೂ ಶಾಲೆಯ ಗೋಡೆಯ ಮೇಲೂ ಬರೆಸೋಣ. ಮಿತಿಗಿಂತ ಕಡಮೆಯಿರುವ ಬಾವಿಯನ್ನೂ ಬರೆಸಬೇಕು, ಹೆಚ್ಚಿರುವುದನ್ನೂ ಬರೆಸಬೇಕು. ಒಳ್ಳೆಯ ನೀರು ಎಲ್ಲಿದೆಯೆಂದು ತೋರಿಸುವುದೂ ನಕ್ಷೆಯ ಕರ್ತವ್ಯ. ಮಿತಿ ಮೀರಿದ ಕಡೆ, ಅಳತೆಯ ಪ್ರತಿಯೊಡನೆ, ಪರ್ಯಾಯ ನೀರಿಗಾಗಿ ಜಿಲ್ಲಾ ಪಂಚಾಯತಿಯನ್ನು ಕೇಳುವ ಹಕ್ಕು ಊರಿನವರಿಗೆ ಬರುತ್ತದೆ. ಬರಿಯ ಗುಮಾನಿಗೆ ಸಿಗದ ಉತ್ತರ ಅಂಕಿಗೆ ಸಿಗುತ್ತದೆ.

ಈ ಸಂಚಿಕೆಯ ವಾಚಕರಲ್ಲಿ ಉದಾರಿಗಳಾದ ದಾನಿಗಳು ಅನೇಕರಿದ್ದಾರೆ. ಕೊಠಡಿ ಕಟ್ಟಿಸಿದವರು, ಮಕ್ಕಳಿಗೆ ಅನ್ನವಿಟ್ಟವರು, ವಿದ್ಯಾರ್ಥಿವೇತನ ಕೊಟ್ಟವರು ನೀವು. ನೂರು ಬಾವಿಗಳ ನೀರಿನ ಪರೀಕ್ಷೆಗೆ ತಗಲುವ ವೆಚ್ಚ ಒಂದು ಕೊಠಡಿಯ ವೆಚ್ಚದ ಮುಂದೆ ದೊಡ್ಡದೇನಲ್ಲ. ಅದಕ್ಕೆ ಕೊಟ್ಟ ದಾನದ ನೆನಪಿಗೆ ಗ್ರಾನೈಟು ಫಲಕ ಕೂರಿಸಲು ಗೋಡೆಯಿರುವುದಿಲ್ಲ ಎಂಬುದೊಂದೇ ಕೊರತೆ. ಹಳೆಯ ವಿದ್ಯಾರ್ಥಿಗಳಲ್ಲಿ ಎಂಜಿನಿಯರುಗಳೂ ವೈದ್ಯರೂ ರಸಾಯನ ವಿಜ್ಞಾನಿಗಳೂ ಇದ್ದೀರಿ. ವರ್ಷಕ್ಕೆ ಎರಡು ದಿನ ಬಂದು ಮಕ್ಕಳ ಕೈಹಿಡಿದು ಅಳತೆಯ ಶಿಸ್ತನ್ನು ಕಲಿಸಿದರೆ ಅದು ಶಾಲೆಗೆ ನೀವು ಸಲ್ಲಿಸುವ ದೊಡ್ಡ ಋಣಸಂದಾಯ. ಅಧ್ಯಾಪಕ ಬಂಧುಗಳಿಗೆ ಹೊಸ ಹೊರೆ ಹೊರಿಸುತ್ತಿರುವುದಕ್ಕೆ ಕ್ಷಮೆ ಕೋರುತ್ತೇನೆ. ಆದರೆ ಈ ಒಂದು ಕಾರ್ಯದಲ್ಲಿ ಭೌತವಿಜ್ಞಾನ, ರಸಾಯನ ವಿಜ್ಞಾನ, ಭೂಗೋಳ, ಗಣಿತ, ಕನ್ನಡ ಎಲ್ಲವೂ ಒಟ್ಟಿಗೆ ಪಾಠವಾಗುತ್ತವೆ ಎಂಬುದನ್ನು ತಾವು ಅಲ್ಲಗಳೆಯಲಾರಿರಿ.

250 ಕೋಟಿ ವರ್ಷಗಳ ಕಲ್ಲನ್ನು ನಾವು ಬದಲಿಸಲಾರೆವು. ಅದರ ಒಡಲಿನ ನೀರನ್ನೂ ಒಂದು ದಿನದಲ್ಲಿ ಶುದ್ಧಿಗೊಳಿಸಲಾರೆವು. ಯಾವ ಬಾವಿಯ ನೀರನ್ನು ಮಗುವಿಗೆ ಕುಡಿಸಬೇಕು, ಯಾವುದನ್ನು ಕುಡಿಸಬಾರದು ಎಂಬುದನ್ನು ತಾಯಂದಿರಿಗೆ ಹೇಳುವಷ್ಟು ಸಾಮರ್ಥ್ಯವನ್ನು ವಿಜ್ಞಾನವು ನಮಗೆ ಕೊಟ್ಟಿದೆ. ಮುಂದಿನ ಸಂಚಿಕೆ ಹೊರಬರುವ ಹೊತ್ತಿಗೆ ಅದರ ಪುಟಗಳಲ್ಲಿ, ಈ ಶಾಲೆಯ ಸುತ್ತಲಿನ ಹತ್ತು ಹಳ್ಳಿಗಳದ್ದಾದರೂ ಸರಿ, ಮಕ್ಕಳೇ ಗುರುತು ಹಾಕಿದ ಬಾವಿಗಳ ನಕ್ಷೆಯೊಂದು ಅಚ್ಚಾಗಲಿ ಎಂದು ಹಾರೈಸುತ್ತೇನೆ.